ಗೆರೆ ತಪ್ಪಿಸಿ ಕೊಯ್ದ ಅಂಗೈ

ಹೋದ ತಿಂಗಳು ದವಾಖಾನೆಗೆ ಸಾಮಾನು ತರಲೆಂದು ಪುಣೆಗೆ ಹೋಗಿದ್ದೆ. ದಂಡಿನ ಕ್ಯಾಂಪಿನ ಬಿಳಿಯರೆಲ್ಲ ದೇಶ ಬಿಡಲು ಗಂಟುಮೂಟೆ ಕಟ್ಟುತ್ತಿದ್ದಾರೆ. ಬಂಗಲೆಗಳ ಮುಂದೆ ಕುರ್ಚಿ, ಮಂಚ, ಪಿಂಗಾಣಿ ತಟ್ಟೆಗಳನ್ನು ಮಾರಾಟಕ್ಕೆ ಹರವಿದ್ದರು. ಊರಿಗೆ ಹೊರಟ ಒಬ್ಬ ಡಾಕ್ಟರ ತನ್ನ ಚಿಮಟ, ಕತ್ತರಿ, ಸೂಜಿಗಳನ್ನು ಅಗ್ಗಕ್ಕೆ ಕೊಡುತ್ತಾನೆಂದು ಸುದ್ದಿ ಬಂದಿತ್ತು, ಅದಕ್ಕೇ ಹೋದದ್ದು. ಕೆಲಸ ಮುಗಿಸಿ ಸ್ಟೇಷನ್ನಿನ ಕಡೆ ನಡೆಯುವಾಗ ಜಿಟಿಜಿಟಿ ಮಳೆ ಹಿಡಿಯಿತು. ಹಾದಿ ಹತ್ತಿರವಾದೀತೆಂದು ಒಂದು ಓಣಿಗೆ ಹೊಕ್ಕೆ. ಒದ್ದೆ ಉಣ್ಣೆಯ ಬಟ್ಟೆಯ ಮೇಲೆ ಕೆಂಡದ ಇಸ್ತ್ರಿ ಎಳೆದಾಗ ಏಳುವ ವಾಸನೆ ಮೂಗಿಗೆ ಬಡಿಯಿತು. ನನ್ನ ಕಾಲು ಅಲ್ಲೇ ನಿಂತವು.

ನಮ್ಮ ಅಂಗಡಿಯೇ ಅದು. ಈಗ ಬೇರೆ ಯಾರೋ ದರ್ಜಿ ಇದ್ದಾನೆ, ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದಾನೆ. ನಾನು ಮಳೆಗೆ ನಿಂತವನ ಹಾಗೆ ನಟಿಸುತ್ತ ಎದುರಿನ ಕಟ್ಟೆಯ ಮೇಲೆ ಕೂತೆ. ಮೂವತ್ತಾರು ವರ್ಷದ ಗಂಡಸು, ಕೈಯಲ್ಲಿ ಸಾಮಾನಿನ ಪೆಟ್ಟಿಗೆ, ಓಣಿಯಲ್ಲಿ ಕೂತು ಅತ್ತೆ. ನಾಚಿಕೆಯಾಗಲಿಲ್ಲ. ಅಳಬೇಕಾದಾಗ ಅತ್ತಿರಲಿಲ್ಲ, ಆ ಬಾಕಿ ಹಾಗೇ ಉಳಿದಿತ್ತು.

ಹನ್ನೊಂದು ವರ್ಷದ ಹಿಂದೆ ಆ ಅಂಗಡಿಯಲ್ಲಿ ನಮ್ಮಣ್ಣ ವಿಠ್ಠಲಪ್ಪ ಕತ್ತರಿ ಹಿಡಿದು ನಿಲ್ಲುತ್ತಿದ್ದ. ನಾವು ಬೈಲಹೊಂಗಲ ಕಡೆಯ ಸಿಂಪಿಗರು. ನನಗೆ ಏಳು ವರ್ಷವಾಗಿದ್ದಾಗ ಇನ್‌ಫ್ಲುಯೆಂಜಾ ಬಂದು ಅಪ್ಪ, ಅವ್ವ ಒಂದೇ ವಾರದಲ್ಲಿ ಹೋದರು. ಅಣ್ಣನಿಗೆ ಆಗ ಹತ್ತೊಂಬತ್ತು. ನನ್ನನ್ನು ಕರೆದುಕೊಂಡು ಪುಣೆಗೆ ಬಂದ, ಒಬ್ಬ ಪಾರಸಿಯ ಹತ್ತಿರ ಕೋಟು ಕತ್ತರಿಸುವುದನ್ನು ಕಲಿತ, ಎಂಟು ವರ್ಷದಲ್ಲಿ ಸ್ವಂತ ಅಂಗಡಿ ಹಾಕಿದ. ಹೊಲಿಯುವವರು ಊರ ತುಂಬ ಸಿಗುತ್ತಾರೆ. ಕತ್ತರಿಸುವವನೇ ಅಂಗಡಿಯ ಜೀವ. ಅಣ್ಣ ಅಳತೆ ತೆಗೆದು, ಖಡುವಿನಿಂದ, ಅಂದರೆ ದರ್ಜಿಗಳ ಚಪ್ಪಟೆ ಸೀಮೆಸುಣ್ಣದಿಂದ, ಬಟ್ಟೆಯ ಮೇಲೆ ಒಂದೇ ಬೀಸಿಗೆ ಗೆರೆ ಎಳೆಯುತ್ತಿದ್ದ. ಆಮೇಲೆ ಆ ಎರಡು ಸೇರು ತೂಕದ ಕತ್ತರಿ ಗೆರೆಯ ಮೇಲೆ ಹೋಗುವುದನ್ನು ನೋಡಲೆಂದೇ ಸಾಹೇಬರು ನಿಲ್ಲುತ್ತಿದ್ದರು.

ಅವನ ಹೆಂಡತಿ ಕಾಶೀಬಾಯಿ, ನಮ್ಮ ವೈನಿ, ಪುಣೆಗೆ ಬಂದ ವರ್ಷವೇ ಮನೆ ತುಂಬಿದವರು. ಮಕ್ಕಳಾಗಿರಲಿಲ್ಲ. ನಾನೇ ಅವರ ಮಗ ಎಂದರೂ ನಡೆಯುತ್ತದೆ. ನನ್ನನ್ನು ಓದಿಸಿ, ಕಂಪೌಂಡರ್ ಪರೀಕ್ಷೆಗೆ ಕೂರಿಸಿ, ಕ್ಯಾಂಪಿನಲ್ಲೇ ಒಂದು ಖಾಸಗಿ ದವಾಖಾನೆಗೆ ಸೇರಿಸಿದ್ದರು. ಪಾಸಾದ ಸುದ್ದಿ ಬಂದ ದಿನ ಅಣ್ಣ ಕಪಾಟಿನಿಂದ ಕಪ್ಪುಬೂದಿ ಬಣ್ಣದ ಉಣ್ಣೆ ಬಟ್ಟೆಯೊಂದನ್ನು ತೆಗೆದ. "ಇದು ನಿನ್ನ ಕೋಟಿಗೆ ತಗದಿಟ್ಟಿದ್ದೆ. ಸಾಹೇಬ್ರ ಕೋಟು ಹೊಲದು ಹೊಲದು ಸಾಕಾತು, ಈಗ ನಮ್ಮನ್ಯಾಗೂ ಒಬ್ಬ ಸಾಹೇಬ ಆದ" ಎಂದು ನಗುತ್ತ ಅಲ್ಲೇ ಅಳತೆ ತೆಗೆದ, ಗೆರೆ ಎಳೆದ. ಕತ್ತರಿ ಮಾತ್ರ ಹಾಕಲಿಲ್ಲ. ಆಗಲೇ ಅವನ ಬೆರಳಿಗೆ ಆ ಪೀಡೆ ಹತ್ತಿತ್ತು.

ಯುಗಾದಿಯ ಸುಮಾರಿಗೆ ಅದು ಶುರುವಾದದ್ದು. ಬಲಗೈ ಉಂಗುರದ ಬೆರಳು ಬೆಳಗ್ಗೆ ಎದ್ದಾಗ ಮಡಚಿದ್ದು ಮಡಚಿದಂತೆಯೇ ಇರುತ್ತಿತ್ತು. ಎಡಗೈಯಿಂದ ಹಿಡಿದು ಎತ್ತಿದರೆ ಟಕ್ ಎಂದು ಬಿಚ್ಚಿಕೊಳ್ಳುತ್ತಿತ್ತು. ಕತ್ತರಿ ಮುಚ್ಚಿದ ಮೇಲೆ ಬಿಡಲು ಹೋದರೆ ಉಳಿದ ಬೆರಳು ಬಿಡುತ್ತಿದ್ದವು, ಇದೊಂದು ಬಿಡುತ್ತಿರಲಿಲ್ಲ. ವೈನಿ ಚಾಷ್ಟಿ ಮಾಡುತ್ತಿದ್ದರು: "ಕತ್ತರಿ ಮ್ಯಾಲಿನ ಪ್ರೀತಿ ನೋಡಪಾ ಪಾಂಡು! ನನ್ನ ಕೈ ಒಮ್ಮೆರ ಹಿಂಗ ಹಿಡದಾರೇನು ಕೇಳು ನಿಮ್ಮಣ್ಣಗ." ಎಳ್ಳೆಣ್ಣೆ ಹಚ್ಚಿದ್ದಾಯಿತು, ಬಿಸಿನೀರಿನಲ್ಲಿ ಅದ್ದಿದ್ದಾಯಿತು, ಶಿರೂರಿನ ಒಬ್ಬ ಮೂಳೆ ಕಟ್ಟುವವನ ಹತ್ತಿರ ಹೋಗಿ ತಿಕ್ಕಿಸಿಕೊಂಡು ಕೈ ಬಾವು ಬರಿಸಿಕೊಂಡದ್ದೂ ಆಯಿತು. ಆಮೇಲೆ ಒಂದು ದಿನ ಯಾರೋ ಕರ್ನಲನ ಕೋಟಿನ ಬಟ್ಟೆ ಕತ್ತರಿಸುವಾಗ ಅರ್ಧದಲ್ಲೇ ಬೆರಳು ಹಿಡಿದುಕೊಂಡಿತು, ಕತ್ತರಿ ಗೆರೆ ಬಿಟ್ಟು ಗೇಣುದ್ದ ಒಳಗೆ ಹೋಯಿತು. ಅಣ್ಣನ ಜೀವಮಾನದಲ್ಲಿ ಹಾಗೆಂದೂ ಆಗಿರಲಿಲ್ಲ. ಅವತ್ತು ಅವನು ಉಣ್ಣಲಿಲ್ಲ. "ಪಾಂಡು, ನಿಮ್ಮ ಡಾಕ್ಟರಿಗೆ ಕೇಳಿ ನೋಡು. ಈ ಕೈ ಹೋದ್ರ ನಾ ಏನ್ ಮಾಡ್ಲಿ?" ಎಂದ.

ನಮ್ಮ ಡಾಕ್ಟರು ಮರಾಠಿಯವರು, ಒಳ್ಳೆಯ ಕೈ. ಅಣ್ಣನ ಬೆರಳಿನ ಬುಡದ ಕೆಳಗೆ ಒತ್ತಿ ನೋಡಿ, ಬಟಾಣಿಯಷ್ಟು ಗಂಟು ಇದೆ ಎಂದರು. ಬೆರಳನ್ನು ಮಡಚುವ ಹುರಿ ಅಂಗೈಯೊಳಗೆ ಬಳೆಯಂಥ ಒಂದು ಪಟ್ಟಿಯ ಕೆಳಗೆ ಓಡಾಡುತ್ತದೆ. ಪಟ್ಟಿ ದಪ್ಪವಾಗಿ ಹುರಿಯ ಮೇಲೆ ಗಂಟಾದರೆ ಅದು ಆಚೆ ನುಸುಳಿದ್ದು ಈಚೆ ಬರುವುದಿಲ್ಲ. ಪಟ್ಟಿಯನ್ನು ಸೀಳಿಬಿಟ್ಟರೆ ಮುಗಿಯಿತು. ಆದರೆ ಅಲ್ಲಿಗೆ ಹೋಗಲು ಮೇಲಿನ ಚರ್ಮವನ್ನು ಹೇಗೆ ಕೊಯ್ಯಬೇಕು ಎನ್ನುವುದರಲ್ಲಿ ಎರಡು ಪಂಗಡ.

ಎರಡನ್ನೂ ನಾನು ದೀಪ ಹಿಡಿದು, ಕೊಕ್ಕೆ ಹಿಡಿದು ನೋಡಿದವನು. ನಮ್ಮ ಡಾಕ್ಟರ ಗುರುಗಳು ಬೆರಳಿನ ನೇರಕ್ಕೆ ಉದ್ದ ಕೊಯ್ಯುತ್ತಿದ್ದರು. ಉದ್ದ ಕೊಯ್ದರೆ ಒಳಗೆಲ್ಲ ಬಿಚ್ಚಿ ಕಾಣುತ್ತದೆ. ಬೆರಳಿನ ಎರಡು ಮಗ್ಗುಲಿನ ನರಗಳೂ ಉದ್ದಕ್ಕೇ ಓಡುವುದರಿಂದ ಚಾಕು ಅವಕ್ಕೆ ತಾಗುವ ಭಯ ಕಡಿಮೆ. ನಮ್ಮ ಡಾಕ್ಟರು ಅಡ್ಡ ಕೊಯ್ಯುತ್ತಿದ್ದರು, ಅದೂ ಅಂಗೈಯ ಗೆರೆಯಲ್ಲೇ. ಕಿಂಡಿ ಸಣ್ಣದು, ಕೈ ಪಳಗಿರಬೇಕು, ನರದ ಮೇಲೆ ಕಣ್ಣಿರಬೇಕು. ಆದರೆ ಗೆರೆಯಲ್ಲಿ ಕೊಯ್ದದ್ದು ಗೆರೆಯಲ್ಲೇ ಮಾಯುತ್ತದೆ, ವರ್ಷ ಕಳೆದರೆ ಹುಡುಕಿದರೂ ಸಿಗುವುದಿಲ್ಲ. ಉದ್ದನೆಯ ಗಾಯ ಬೆರಳು ಮಡಚುವ ಗೆರೆಯನ್ನು ದಾಟಿದರೆ ಕೆಲವರಲ್ಲಿ ಕಲೆ ದಪ್ಪವಾಗಿ, ಮುದುಡಿ, ಬೆರಳನ್ನೇ ಕೆಳಗೆ ಎಳೆದುಬಿಡುತ್ತದೆ. ಅಂಥ ಒಂದು ಕೈಯನ್ನು ಡಾಕ್ಟರು ನನಗೆ ತೋರಿಸಿದ್ದರು.

ಮನೆಗೆ ಬಂದು ಅಣ್ಣನಿಗೆ ಇದನ್ನೆಲ್ಲ ವಿವರಿಸಲು ಬಾಯಿ ತೆರೆದೆ. ಅರ್ಧ ಹೇಳುವಷ್ಟರಲ್ಲಿ ಅವನೇ ಮುಗಿಸಿದ. "ತಿಳೀತು ತಿಳೀತು. ಮೊಣಕೈ ಮಡಚೋ ಜಾಗಾದಾಗ ಉದ್ದ ಹೊಲಿಗಿ ಬಂದ್ರ ತೋಳು ಜಗ್ಗತದ. ಮಡಿಕಿ ಒಳಗ ಹಾಕಿದ ಹೊಲಿಗಿ ಯಾರಿಗೂ ಕಾಣಂಗಿಲ್ಲ, ಜಗ್ಗಂಗೂ ಇಲ್ಲ. ಅಡ್ಡ ಕೊಯ್ಯಾಕ ಹೇಳು. ನಿಮ್ಮ ಡಾಕ್ಟರು ಛಲೋ ದರ್ಜಿ ಆಗ್ತಿದ್ದ ನೋಡು!" ಎಷ್ಟು ನಕ್ಕ ಅವತ್ತು. ಆಷಾಢದ ಮೊದಲ ವಾರಕ್ಕೆ ದಿನ ಗೊತ್ತಾಯಿತು.

ಹಿಂದಿನ ದಿನ ಡಾಕ್ಟರು ಅವನನ್ನು ಕರೆಸಿ ಅಂಗೈಯಲ್ಲಿ ಮಸಿಯಿಂದ ಗುರುತು ಮಾಡಿದರು. ಅಣ್ಣ ಅಂಗಡಿಗೆ ಹೋಗುವ ಮುಂಚೆ ಮನೆಗೆ ಬಂದು ಅದನ್ನು ವೈನಿಗೆ ತೋರಿಸಿದ್ದಾನೆ, ಪಾಪ, ಖುಷಿಯಿಂದ. ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ವೈನಿ ತಾಟು ಇಟ್ಟರು, ಭಕ್ಕರಿ ಬಡಿಸಲಿಲ್ಲ. ಎದುರಿಗೆ ಕೂತುಬಿಟ್ಟರು.

"ಪಾಂಡು, ಅದು ಆಯುಷ್ಯರೇಖಿ ಅದಪಾ."

ನನಗೆ ತಟ್ಟನೆ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಕಿರುಬೆರಳಿನ ಕೆಳಗಿನಿಂದ ಹೊರಟು ಬೆರಳುಗಳ ಬುಡದಲ್ಲಿ ಅಡ್ಡ ಹಾಯುವ ಗೆರೆಗೆ ನಮ್ಮವರು ಆಯುಷ್ಯರೇಖೆ ಅನ್ನುತ್ತಾರೆ. ಡಾಕ್ಟರ ಮಸಿ ಸರಿಯಾಗಿ ಅದರ ಮೇಲೇ ಬಿದ್ದಿತ್ತು. ಮದುವೆಯಾದ ಹೊಸದರಲ್ಲಿ ತುಳಶೀಬಾಗಿನ ಪೇಟೆಯಲ್ಲಿ ಕೂರುವ ಒಬ್ಬ ಜೋಶಿ ಅಣ್ಣನ ಬಲಗೈ ನೋಡಿ, ಈ ಗೆರೆ ತೋರುಬೆರಳಿನ ತನಕ ಮುಟ್ಟಿದೆ, ಎಂಬತ್ತಕ್ಕೆ ಮೋಸವಿಲ್ಲ ಎಂದಿದ್ದನಂತೆ.

"ವೈನಿ, ಚರ್ಮದ ಮ್ಯಾಲಿನ ಗೆರಿಗೆ ಏನ್ ಸಂಬಂಧರಿ? ಕೈ ಮಡಚಿ ಮಡಚಿ ಬಿದ್ದಿರ್ತದ ಅದು, ಅಷ್ಟ."

"ನಮ್ಮಪ್ಪನ ಕೈಯಾಗ ಕುಡಗೋಲು ಹಾದಿದ್ದು ಅದೇ ಗೆರಿ ಮ್ಯಾಲ. ನಾ ಕಣ್ಣಾರೆ ನೋಡೀನಿ. ತಿಂಗಳು ತುಂಬಲಿಲ್ಲ." ವೈನಿ ಅಳಲಿಲ್ಲ. ಅತ್ತಿದ್ದರೆ ನಾನು ಜಗಳವಾಡುತ್ತಿದ್ದೆ. "ನಿಮ್ಮಣ್ಣಗ ಹೇಳಿದ್ರ ನಗ್ತಾರ, ಹುಚ್ಚಿ ಅಂತಾರ. ನೀ ಡಾಕ್ಟರಿಗೆ ಹೇಳಬೇಕು. ಬ್ಯಾರೆ ಕಡೆ ಕೊಯ್ಯಲಿ. ಇನ್ನೊಂದು ರೀತಿ ಅದ ಅಂತ ನೀನೇ ಹೇಳಿದ್ಯಲ್ಲ? ಅದನ್ನ ಮಾಡ್ಲಿ. ಗೆರಿ ಮಾತ್ರ ಮುಟ್ಟಬಾರ್ದು. ನಿನ್ನ ಕಡಿಂದ ನಾ ಏನೂ ಕೇಳಿಲ್ಲ, ಇದೊಂದು ಕೇಳ್ತೀನಿ." ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡರು.

ಏಳು ವರ್ಷದವನಿಂದ ನನ್ನ ಜ್ವರ, ಹೇಲು, ಉಚ್ಚೆ ಬಳಿದ ಹೆಂಗಸು. ನಾನು ಹೂಂ ಅಂದೆ. ಆಮೇಲೆ ಭಕ್ಕರಿ ಬಡಿಸಿದರು, ತುಪ್ಪ ಜಾಸ್ತಿ ಹಾಕಿದರು.

ಬೆಳಗ್ಗೆ ಅಣ್ಣನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ಡಾಕ್ಟರು ಕೈ ತೊಳೆಯುತ್ತಿದ್ದರು. "ಸಾಹೇಬ, ಅಣ್ಣನಿಗೆ ಗೆರೆಯ ಮೇಲೆ ಕೊಯ್ಯುವುದು ಬೇಡವಂತೆ. ಆಯುಷ್ಯರೇಖೆ ಅಂತ ಹೆದರಿದ್ದಾನೆ. ಉದ್ದ ಕೊಯ್ಯಿರಿ" ಎಂದು ಮರಾಠಿಯಲ್ಲಿ ಹೇಳಿದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಡಾಕ್ಟರು ಸಿಡುಕಿದರು. "ಗೆರೆ ತಪ್ಪಿಸಿ ಉದ್ದ ಹೋಗಬೇಕೆಂದರೆ ಗಾಯ ಮೇಲೆ ಸರಿದು ಬೆರಳಿನ ಬುಡದ ಮಡಿಕೆ ದಾಟುತ್ತದೆ. ಅದರ ಪರಿಣಾಮ ನಿನಗೆ ಗೊತ್ತಲ್ಲ?" ಎಂದರು. "ಗೊತ್ತು" ಎಂದೆ. "ಸರಿ, ಕೈ ಅವರದು" ಎಂದು ಟವೆಲ್ ಎಳೆದುಕೊಂಡರು. ಅವರು ಇನ್ನೊಂದು ಸಲ ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದೆನೋ ಏನೋ. ಕೇಳಲಿಲ್ಲ.

ಅಣ್ಣನಿಗೂ ಅವನ ಕೈಗೂ ನಡುವೆ ಬಿಳಿ ಬಟ್ಟೆ ಕಟ್ಟಿದ್ದೆವು. ಮರಗಟ್ಟಿಸುವ ಸೂಜಿ ಚುಚ್ಚಿದ ಮೇಲೆ ಅವನು ಮುಖ ನನ್ನ ಕಡೆ ತಿರುಗಿಸಿ ಕನ್ನಡದಲ್ಲಿ ಪಿಸುಗುಟ್ಟಿದ: "ಅಡ್ಡನೇ ಹೌದಲ್ಲೋ?"

"ಹೌದಣ್ಣಾ" ಎಂದೆ.

ಪಟ್ಟಿ ಸೀಳುತ್ತಲೇ ಡಾಕ್ಟರು ಬೆರಳಾಡಿಸಿ ನೋಡು ಎಂದರು. ಮಡಚಿದ, ಬಿಚ್ಚಿದ. ಟಕ್ ಅನ್ನಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಅಣ್ಣನ ಕಣ್ಣಲ್ಲಿ ನೀರು. "ಪಾಂಡು, ಬೆಣ್ಣಿ ಆಗೇದಲ್ಲೋ! ಮೊದಲನೇ ಕತ್ತರಿ ನಿನ್ನ ಕೋಟಿಗೆ ನೋಡು." ಆ ಕ್ಷಣಕ್ಕೆ ನಾನೂ ನಂಬಿದೆ, ಎಲ್ಲ ಸರಿಹೋಯಿತು, ಇಬ್ಬರ ಮಾತೂ ಉಳಿಯಿತು ಎಂದು.

ಆ ವರ್ಷದ ಮಳೆ ಹಾಳು ಮಳೆ. ಮುಳಾಮುಠೆ ಹೊಳೆ ತುಂಬಿ ಹರಿಯಿತು, ಮನೆಯೊಳಗಿನ ಗೋಡೆಗೆ ಬೂಸು ಹತ್ತಿತು, ಒಗೆದ ಬ್ಯಾಂಡೇಜು ಎರಡು ದಿನವಾದರೂ ಒಣಗುತ್ತಿರಲಿಲ್ಲ. ಕಟ್ಟು ಬಿಚ್ಚಿದ ದಿನ ಗಾಯದ ಒಂದು ತುದಿಯಲ್ಲಿ ಕೀವು ಕಂಡಿತು. ಅಣ್ಣ ಕೀವು ನೋಡಲಿಲ್ಲ. ಗಾಯವನ್ನು ನೋಡಿದ. ಅಳತೆ ತೆಗೆಯುವವನ ಹಾಗೆ ಬಹಳ ಹೊತ್ತು ನೋಡಿದ.

"ಇದು ಉದ್ದ ಅದಲ್ಲೋ."

"ಒಳಗ ಗಂಟು ದೊಡ್ಡದಿತ್ತಂತಣ್ಣಾ. ಡಾಕ್ಟರು ಅಲ್ಲೇ ಮನಸ್ಸು ಬದಲಿಸಿದ್ರು." ಅನ್ನ ಹಾಕುವ ಡಾಕ್ಟರ ಮೇಲೆ ಹೊರಿಸಿದೆ. ಅಣ್ಣ "ಹಂಗಾದ್ರ ಇರ್ಲಿ ಬಿಡು, ಅವರಿಗೆ ತಿಳೀತದ" ಎಂದ. ನನ್ನ ಮಾತನ್ನು ಅವನು ಎಂದೂ ಎರಡನೇ ಸಲ ಕೇಳಿದವನಲ್ಲ.

ದಿನಾ ನಾನೇ ಗಾಯ ತೊಳೆದು ಕಟ್ಟಿದೆ. ಶ್ರಾವಣ ಮುಗಿಯುವಷ್ಟರಲ್ಲಿ ಗಾಯ ಮಾಯಿತು, ಆದರೆ ಅದರ ಜಾಗದಲ್ಲಿ ಕೆಂಪಗೆ ಹಗ್ಗದಂಥ ಕಲೆ ಎದ್ದಿತು. ಗಣಪತಿ ಕೂರಿಸುವ ಹೊತ್ತಿಗೆ ಅದು ಬೆರಳನ್ನು ಅಂಗೈ ಕಡೆಗೆ ಎಳೆಯತೊಡಗಿತ್ತು. ಮೊದಲು ಬೆರಳು ಹಿಡಿದುಕೊಂಡರೂ ಬಿಡಿಸಿದರೆ ಬಿಡುತ್ತಿತ್ತು. ಈಗ ಎಡಗೈಯಿಂದ ಎತ್ತಿದರೂ ಏಳದು. ಡಾಕ್ಟರು ನೋಡಿ ನಿಟ್ಟುಸಿರು ಬಿಟ್ಟರು. ಉದ್ದ ಕೊಯ್ದವರಿಗೆಲ್ಲ ಹೀಗಾಗುವುದಿಲ್ಲ, ಕೀವೂ ಆಯಿತು, ಮಳೆಯೂ ಸೇರಿತು ಎಂದರು. ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವೇ ಹೇಳಿದರೋ. ಇವತ್ತಿಗೂ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ.

ಕತ್ತರಿಯ ಹಿಡಿಕೆಯೊಳಗೆ ಆ ಬೆರಳು ಹೊಗುತ್ತಿರಲಿಲ್ಲ. ಉಂಗುರದ ಬೆರಳು ಬಿಟ್ಟು ಹಿಡಿದರೆ ಭಾರ ತಡೆಯದೆ ಕತ್ತರಿ ವಾಲುತ್ತಿತ್ತು. ಎಡಗೈಯಲ್ಲಿ ಹಿಡಿದರೆ ಅಲಗು ಬಟ್ಟೆಯನ್ನು ಕಚ್ಚಿ ಅಗಿಯುತ್ತಿತ್ತು, ಬಲಗೈಗೆಂದು ಮಾಡಿದ ಕತ್ತರಿ ಅದು. ಹಳೆಯ ರದ್ದಿ ಕಾಗದ ತಂದು ಎಡಗೈಯಲ್ಲಿ ಅಭ್ಯಾಸ ಮಾಡುತ್ತ ಕೂರುತ್ತಿದ್ದ, ಮೂವತ್ತೇಳು ವರ್ಷದ ಅಣ್ಣ. ನಾನು ಅಂಗಡಿಗೆ ಹೋದರೆ ಕಾಗದದ ಚೂರುಗಳನ್ನು ಕಾಲಿನಿಂದ ಬೆಂಚಿನ ಕೆಳಗೆ ಸರಿಸುತ್ತಿದ್ದ. ದಸರೆಯ ಹೊತ್ತಿಗೆ ಕತ್ತರಿಸಲು ಬೇರೊಬ್ಬನನ್ನು ಇಟ್ಟುಕೊಂಡ. ಅವನ ಕೈ ಒರಟು, ಸಾಹೇಬರು ಒಬ್ಬೊಬ್ಬರಾಗಿ ಬೇರೆ ಅಂಗಡಿ ನೋಡಿಕೊಂಡರು. ಅಣ್ಣ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದ.

ಆ ಹೊಸಬನಿಗೆ ನನ್ನ ಕೋಟನ್ನಾದರೂ ಕೊಡು ಎಂದೆ ಒಮ್ಮೆ. ಅಣ್ಣ ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. "ನನ್ನ ಗೆರಿ ಮ್ಯಾಲ ಇನ್ನೊಬ್ಬನ ಕತ್ತರಿ ಬ್ಯಾಡ!" ಎಂದು ಕೂಗಿದ. ಆಮೇಲೆ ಮೆಲ್ಲಗೆ, "ತಡೀಪಾ, ಎಡಗೈ ಪಳಗಲಿ" ಎಂದ.

ದೀಪಾವಳಿ ಕಳೆದ ಮೇಲೆ ಅವನಿಗೆ ಜ್ವರ ಬಂತು. ವಿಷಮಜ್ವರ, ಇಪ್ಪತ್ತೊಂದು ದಿನದ ಲೆಕ್ಕದ್ದು. ಆಗ ಅದಕ್ಕೆ ಆರೈಕೆಯೇ ಔಷಧ. ಎರಡನೇ ವಾರಕ್ಕೆ ಕಣ್ಣು ಗುಳಿಬಿದ್ದವು, ಆದರೆ ಬುದ್ಧಿ ಸ್ವಚ್ಛವಾಗಿತ್ತು. ಒಂದು ಮಧ್ಯಾಹ್ನ, ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ, ವೈನಿ ಅವನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅಣ್ಣ "ನಾ ಇನ್ನ ಏಳಂಗಿಲ್ಲ ಕಾಶೀ" ಎಂದ.

"ಹುಚ್ಚರಂಗ ಮಾತಾಡಬ್ಯಾಡ್ರಿ!" ವೈನಿ ಗದರಿದರು. ಅಂಗೈ ಬಿಡಿಸಲು ನೋಡಿದರು, ಆ ಬೆರಳು ಏಳಲಿಲ್ಲ, ಅದರ ಕೆಳಗೇ ಬೆರಳಿಟ್ಟು ತೋರಿಸಿದರು. "ನೋಡ್ರಿ, ಹೆಂಗ ಅದ ನಿಮ್ಮ ಆಯುಷ್ಯರೇಖಿ. ಒಂದು ಗೀರು ಬಿದ್ದಿಲ್ಲ. ಆ ಡಾಕ್ಟರು ಇದರ ಮ್ಯಾಲೇ ಕೊಯ್ತಿದ್ದ. ನಾನೇ ಪಾಂಡುಗ ಹೇಳಿ ತಪ್ಪಿಸೀನಿ. ಅವ ಡಾಕ್ಟರ ಮುಂದ ಗಟ್ಟಿ ನಿಂತು ಉದ್ದ ಕೊಯ್ಸಿದ. ನಿಮಗೇನೂ ಆಗಂಗಿಲ್ಲ."

ಅಣ್ಣ ತಲೆ ಹೊರಳಿಸಿ ನನ್ನನ್ನು ನೋಡಿದ. ನನ್ನ ಕೈಯ ಒದ್ದೆ ಬಟ್ಟೆಯಿಂದ ನೀರು ಅವನ ದಿಂಬಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಬೈಯಲಿ, ಹೊಡೆಯಲಿ, ಎದ್ದು ಕಪಾಳಕ್ಕೆ ಬಾರಿಸಲಿ ಎಂದು ದೇವರನ್ನು ಬೇಡಿದೆ.

"ಹೌದೇನೋ ಪಾಂಡು?"

"ಹೌದಣ್ಣಾ."

ಅವನು ವೈನಿಯ ಮುಖ ನೋಡಿದ. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಒಂದು ಧೈರ್ಯ ಇತ್ತು. ಆಮೇಲೆ ಕಣ್ಣು ಮುಚ್ಚಿಕೊಂಡ.

"ಛಲೋ ಮಾಡಿದಿ" ಎಂದ.

ಆಮೇಲೆ ಐದು ದಿನ ಇದ್ದ. ಆ ಮಾತು ಮತ್ತೆ ಎತ್ತಲಿಲ್ಲ. ಒಬ್ಬನೇ ಸಿಕ್ಕಾಗ ಕಾಲು ಹಿಡಿದುಕೊಳ್ಳಬೇಕೆಂದಿದ್ದೆ. ಅವನು ಒಬ್ಬನೇ ಸಿಗಲಿಲ್ಲ, ವೈನಿ ಒಂದು ಗಳಿಗೆಯೂ ಕದಲಲಿಲ್ಲ. ಸಿಕ್ಕಿದ್ದರೂ ನಾನು ಹೇಳುತ್ತಿರಲಿಲ್ಲವೇನೋ. ಅಂಥ ಹೇಡಿ ನಾನು. ಹೆಣ ಸಿಂಗರಿಸುವಾಗ ಎರಡೂ ಕೈ ಜೋಡಿಸಿ ಎದೆಯ ಮೇಲೆ ಇಡಲು ಹೋದರು. ಆ ಒಂದು ಬೆರಳು ಜೋಡಿಯಾಗಲಿಲ್ಲ.

ದಿನಕರ್ಮಗಳೆಲ್ಲ ಮುಗಿದು ಬಂದವರು ಹೋದ ಮೇಲೆ ವೈನಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಒಂದೇ ಮಾತು ಕೇಳಿದರು: "ಗೆರಿ ಮುಟ್ಟಿರಲಿಲ್ಲಲ್ಲ ಪಾಂಡು? ಮತ್ತ್ಯಾಕೋ?"

ಕಂಪೌಂಡರ್ ಪರೀಕ್ಷೆ ಪಾಸಾದವನು ನಾನು. ನನ್ನ ಹತ್ತಿರ ಇದ್ದ ಒಂದೇ ಉತ್ತರವನ್ನು ಆ ಹೆಂಗಸಿಗೆ ಹೇಳುವಂತಿರಲಿಲ್ಲ. ಅಂಗಡಿ ಬಿಟ್ಟುಕೊಟ್ಟು ಇಬ್ಬರೂ ಧಾರವಾಡಕ್ಕೆ ಬಂದೆವು. ನನಗೆ ಮದುವೆಯಾಯಿತು, ಮಕ್ಕಳಾದವು, ವೈನಿ ಅವನ್ನೂ ಬೆಳೆಸಿದರು. ಬಂದವರ ಮುಂದೆ ಇವತ್ತಿಗೂ ಹೇಳುತ್ತಾರೆ, ನಮ್ಮ ಪಾಂಡು ಅವತ್ತು ಡಾಕ್ಟರ ಕೈ ಹಿಡಿದು ನಿಲ್ಲಿಸಿದ, ಇಲ್ಲದಿದ್ದರೆ ಅವರು ಆ ನಾಲ್ಕೈದು ತಿಂಗಳೂ ಬದುಕುತ್ತಿರಲಿಲ್ಲ ಎಂದು. ನಾನು ಎದ್ದು ಹೊರಗೆ ಹೋಗುತ್ತೇನೆ. ನನ್ನ ಕೋಟಿನ ಬಟ್ಟೆ ಟ್ರಂಕಿನಲ್ಲಿದೆ, ಕತ್ತರಿ ಮುಟ್ಟಿಲ್ಲ. ಖಡುವಿನ ಗೆರೆಗಳು ಇನ್ನೂ ಮಾಸಿಲ್ಲ.

ಪುಣೆಯಿಂದ ಬಂದಾಗಿನಿಂದ ನಿದ್ದೆಯಿಲ್ಲ, ಅದಕ್ಕೇ ಇದನ್ನು ಬರೆಯಲು ಕೂತೆ. ವೈನಿಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಬರೆದಿದ್ದೇನೆ. ಈಗ ಒಲೆಯ ಮುಂದಿನಿಂದ ಕೂಗುತ್ತಿದ್ದಾರೆ: "ಪಾಂಡು, ಭಕ್ಕರಿ ಆರ್ತದ ಬಾರೋ. ಮುಂಜಾನಿಂದ ಅದೇನ್ ಬರ್ಯಾಕ ಹತ್ತೀದಿ?"

"ಔಷಧದ ಯಾದಿರಿ, ವೈನಿ" ಎಂದೆ.